ಪ್ಲಾಸ್ಮಾ ಉಳಿಸಿಕೊಳ್ಳುವ ಕೆಲಸ: 1,337 ಸೆಕೆಂಡುಗಳ ಹಿಂದಿನ ಲೆಕ್ಕ

(ದತ್ತಿ ಉಪನ್ಯಾಸದ ಮುದ್ರಿತ ರೂಪ)

2025ರ ಫೆಬ್ರುವರಿ 12ರಂದು ದಕ್ಷಿಣ ಫ್ರಾನ್ಸಿನ ಕಾದರಾಶ್‌ನಲ್ಲಿ ವೆಸ್ಟ್ ಎಂಬ ಟೊಕಮ್ಯಾಕ್ ಯಂತ್ರ ಒಂದೇ ಪ್ಲಾಸ್ಮಾವನ್ನು (ಎಲೆಕ್ಟ್ರಾನುಗಳು ಕಳಚಿಕೊಂಡ ಅತಿ ಬಿಸಿ ಅನಿಲವನ್ನು) 1,337 ಸೆಕೆಂಡು, ಅಂದರೆ 22 ನಿಮಿಷ 17 ಸೆಕೆಂಡು, ಆರದಂತೆ ಕಾಪಾಡಿತು. ಅದಕ್ಕೆ ಮೂರು ವಾರ ಮೊದಲು, ಜನವರಿ 20ರಂದು, ಚೀನಾದ ಹೆಫೆಯಲ್ಲಿರುವ ಈಸ್ಟ್ ಯಂತ್ರ 1,066 ಸೆಕೆಂಡು ಮುಟ್ಟಿತ್ತು. ಪತ್ರಿಕೆಗಳು ಎರಡಕ್ಕೂ ‘ಕೃತಕ ಸೂರ್ಯ’ ಎಂಬ ತಲೆಬರಹ ಕೊಟ್ಟು, ಒಂದರ ದಾಖಲೆಯನ್ನು ಇನ್ನೊಂದು ಮುರಿಯಿತು ಎಂದು ಬರೆದವು.

ಇವೆರಡಕ್ಕೂ ಮೊದಲು, 2023ರ ಅಕ್ಟೋಬರ್ 3ರಂದು, ಇಂಗ್ಲೆಂಡಿನ ಕಲ್ಹಮ್‌ನಲ್ಲಿದ್ದ ಜೆಟ್ ಯಂತ್ರ ಬರೀ 5.2 ಸೆಕೆಂಡು ಉರಿದು 69 ಮೆಗಾಜೂಲ್ ಸಮ್ಮಿಲನ ಶಕ್ತಿಯನ್ನು ಹೊರಹಾಕಿತ್ತು. ಅದಕ್ಕೆ ಬಳಕೆಯಾದ ಇಂಧನ 0.2 ಮಿಲಿಗ್ರಾಮ್.

ಈ ಮೂರರಲ್ಲಿ ಯಾವುದು ದೊಡ್ಡ ಸಾಧನೆ? ಗಡಿಯಾರ ನೋಡಿದರೆ ವೆಸ್ಟ್, ಹುಟ್ಟಿದ ಶಕ್ತಿ ನೋಡಿದರೆ ಜೆಟ್. ವೆಸ್ಟ್ ಮತ್ತು ಈಸ್ಟ್‌ಗಳಲ್ಲಿ ಟ್ರಿಟಿಯಂ ಬಳಸುವುದೇ ಇಲ್ಲ, ಹಾಗಾಗಿ ಹೇಳಿಕೊಳ್ಳುವಂಥ ಸಮ್ಮಿಲನ ಶಕ್ತಿ ಅಲ್ಲಿ ಹುಟ್ಟುವುದಿಲ್ಲ. ಮನೆಯ ಮೀಟರಿನ ಲೆಕ್ಕಕ್ಕೆ ತಂದರೆ, ಆ 22 ನಿಮಿಷಗಳಲ್ಲಿ ವೆಸ್ಟ್‌ನ ಪ್ಲಾಸ್ಮಾಕ್ಕೆ ಹೊರಗಿನಿಂದ ಊಡಿದ 2 ಮೆಗಾವಾಟ್ ಶಾಖ ಒಟ್ಟು ಸುಮಾರು 740 ಯೂನಿಟ್. ಜೆಟ್‌ನ ಸಮ್ಮಿಲನದಿಂದ ಹುಟ್ಟಿದ್ದು ಸುಮಾರು 19 ಯೂನಿಟ್. ಮೊದಲನೆಯದು ಹಾಕಿದ್ದು, ಎರಡನೆಯದು ಬಂದದ್ದು. ಹಾಗಿದ್ದೂ ಹಾಕಿದ್ದರ ಲೆಕ್ಕವನ್ನೇ ವಿಜ್ಞಾನಿಗಳು ಇಷ್ಟು ಶ್ರದ್ಧೆಯಿಂದ ಇಡುವುದೇಕೆ ಎಂಬುದು ಈ ಉಪನ್ಯಾಸದ ವಿಷಯ. ಪ್ಲಾಸ್ಮಾವನ್ನು ಕಾಯಿಸುವುದು ಒಂದು ವಿದ್ಯೆ, ಕಾದದ್ದನ್ನು ಉಳಿಸಿಕೊಳ್ಳುವುದು ಇನ್ನೊಂದೇ ವಿದ್ಯೆ. ಎರಡನೆಯದಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ ಎಂಬುದು ಉಪನ್ಯಾಸಕನ ಖಚಿತ ಅಭಿಪ್ರಾಯ.

ಸಭೆಯಲ್ಲಿ ವಿಜ್ಞಾನ ಓದಿದವರೂ ಓದದವರೂ ಇರುವುದರಿಂದ ಮೊದಲ ಪಾಠದಿಂದಲೇ ಶುರುಮಾಡುವುದು ಒಳ್ಳೆಯದು. ಜಲಜನಕದ ಎರಡು ಭಾರವಾದ ರೂಪಗಳು ಡ್ಯುಟೀರಿಯಂ ಮತ್ತು ಟ್ರಿಟಿಯಂ. ಇವುಗಳ ಬೀಜಕಣಗಳು ಕೂಡಿಕೊಂಡಾಗ, ಅಂದರೆ ಸಮ್ಮಿಲನವಾದಾಗ, ಒಂದು ಹೀಲಿಯಂ ಬೀಜವೂ ಒಂದು ನ್ಯೂಟ್ರಾನೂ ಹುಟ್ಟುತ್ತವೆ. ಬಿಡುಗಡೆಯಾಗುವ ಶಕ್ತಿಯಲ್ಲಿ ಐದನೇ ನಾಲ್ಕು ಪಾಲು ನ್ಯೂಟ್ರಾನಿನ ಜೊತೆ ಹೊರಗೆ ಹೋಗುತ್ತದೆ. ಉಳಿದ ಒಂದು ಪಾಲನ್ನು ಹೀಲಿಯಂ ಬೀಜ ಪ್ಲಾಸ್ಮಾಕ್ಕೇ ಕೊಟ್ಟು ಅದನ್ನು ಬಿಸಿಯಾಗಿಡುತ್ತದೆ. ಎರಡೂ ಬೀಜಗಳು ಧನ ವಿದ್ಯುದಂಶದವು, ಒಂದನ್ನೊಂದು ತಳ್ಳುತ್ತವೆ. ಆ ತಳ್ಳಾಟ ಮೀರಿ ಅವು ಹತ್ತಿರ ಬರಬೇಕಾದರೆ ಸುಮಾರು 15 ಕೋಟಿ ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸೂರ್ಯನ ಒಡಲಲ್ಲಿರುವುದು ಒಂದೂವರೆ ಕೋಟಿ ಡಿಗ್ರಿ ಮಾತ್ರ. ಸೂರ್ಯನಿಗಿರುವ ಗುರುತ್ವದ ಹಿಡಿತ ಭೂಮಿಯ ಮೇಲಿನ ಯಂತ್ರಕ್ಕಿಲ್ಲ. ಆ ಕೊರತೆಯನ್ನು ಹತ್ತು ಪಟ್ಟು ಶಾಖದಿಂದ ತುಂಬಿಕೊಳ್ಳಬೇಕು.

ಇಷ್ಟು ಬಿಸಿಯಾದದ್ದು ಸಿಡಿದುಬಿಟ್ಟರೆ ಎಂಬ ಭಯ ಸಹಜ. ಆದರೆ ಈ ಪ್ಲಾಸ್ಮಾ ಗಾಳಿಗಿಂತ ಲಕ್ಷಾಂತರ ಪಟ್ಟು ತೆಳು. ಫ್ರಾನ್ಸಿನಲ್ಲಿ ಕಟ್ಟಲಾಗುತ್ತಿರುವ ಇಟರ್ ಯಂತ್ರದ 830 ಘನ ಮೀಟರ್ ಪ್ಲಾಸ್ಮಾದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಇಂಧನ ಒಂದು ಗ್ರಾಮಿಗಿಂತ ಕಡಿಮೆ. ತೊಂದರೆ ಇರುವುದು ಸಿಡಿಯುವುದರಲ್ಲಿ ಅಲ್ಲ, ಆರುವುದರಲ್ಲಿ. ಗೋಡೆ ಸ್ವಲ್ಪ ತಾಗಿದರೂ, ಲೋಹದ ಒಂದು ಚೂರು ಒಳಗೆ ಬಿದ್ದರೂ ಅದು ಆರಿಹೋಗುತ್ತದೆ.

ಆದ್ದರಿಂದ ಅದನ್ನು ಕಾಂತಕ್ಷೇತ್ರದಲ್ಲಿ ತೂಗುಹಾಕಬೇಕು. 1950ರ ದಶಕದ ಆರಂಭದಲ್ಲಿ ಸೋವಿಯತ್ ವಿಜ್ಞಾನಿಗಳಾದ ಇಗೋರ್ ತಾಮ್ ಮತ್ತು ಆಂದ್ರೇ ಸಖರೋವ್ ಕೊಟ್ಟ ಟೊಕಮ್ಯಾಕ್ ಎಂಬ ಉಪಾಯ ಇಂದಿಗೂ ನಡೆದುಬಂದಿದೆ. ಬಳೆಯಾಕಾರದ ನಿರ್ವಾತ ಕೋಣೆ, ಅದರ ಸುತ್ತ ಕಾಂತ ಸುರುಳಿಗಳು, ಒಳಗಿನ ಪ್ಲಾಸ್ಮಾದಲ್ಲೇ ಹರಿಯುವ ಭಾರಿ ವಿದ್ಯುತ್ ಪ್ರವಾಹ. ಸುರುಳಿಗಳ ಕ್ಷೇತ್ರ ಬಳೆಯ ಉದ್ದಕ್ಕೆ ಸಾಗುತ್ತದೆ, ಪ್ರವಾಹದ ಕ್ಷೇತ್ರ ಅದಕ್ಕೆ ಅಡ್ಡಲಾಗಿ ಸುತ್ತುತ್ತದೆ. ಎರಡೂ ಹೊಸೆದುಕೊಂಡು ಹಗ್ಗದಂತೆ ತಿರುಚಿದ ರೇಖೆಗಳಾದಾಗ ಕಣಗಳು ಹೊರಗೆ ಜಾರುವುದು ಕಷ್ಟವಾಗುತ್ತದೆ. 1968ರಲ್ಲಿ ನೊವೊಸಿಬಿರ್ಸ್ಕ್ ಸಮ್ಮೇಳನದಲ್ಲಿ ಲೆವ್ ಆರ್ಟ್ಸಿಮೊವಿಚ್ ಟಿ-3 ಟೊಕಮ್ಯಾಕಿನ ಪ್ಲಾಸ್ಮಾ ಶಾಖದ ಫಲಿತಾಂಶ ಹೇಳಿದಾಗ ಪಶ್ಚಿಮದ ಹಲವರು ನಂಬಲಿಲ್ಲ. ಶೀತಲ ಸಮರದ ನಡುವೆಯೇ, 1969ರಲ್ಲಿ, ಕಲ್ಹಮ್‌ನ ಬ್ರಿಟಿಷ್ ತಂಡ ತನ್ನ ಲೇಸರ್ ಉಪಕರಣ ಹೊತ್ತು ಮಾಸ್ಕೋಗೆ ಹೋಗಿ ಅಳೆದು ನೋಡಿತು. ಸೋವಿಯತ್ ವಿಜ್ಞಾನಿಗಳು ಹೇಳಿದ್ದು ನಿಜವಾಗಿತ್ತು. ಅಂದಿನಿಂದ ಜಗತ್ತಿನ ಪ್ರಯೋಗಾಲಯಗಳು ಒಂದಾದ ಮೇಲೊಂದು ಟೊಕಮ್ಯಾಕಿನ ಕಡೆ ತಿರುಗಿದವು.

ಆದರೆ ಆ ಜಾಣ ವಿನ್ಯಾಸದ ಒಡಲಲ್ಲೇ ಒಂದು ಗಡುವು ಅಡಗಿದೆ. ಪ್ಲಾಸ್ಮಾದೊಳಗೆ ಪ್ರವಾಹ ಹರಿಸುವುದು ಹೇಗೆ? ಅಲ್ಲಿಗೆ ತಂತಿ ಎಳೆಯುವಂತಿಲ್ಲ. ಬಳೆಯ ನಡುವಿನ ತೂತಿನಲ್ಲಿ ಒಂದು ದೊಡ್ಡ ಸುರುಳಿ ನಿಲ್ಲಿಸಿ, ಅದರಲ್ಲಿನ ಪ್ರವಾಹವನ್ನು ಬದಲಾಯಿಸುತ್ತ ಹೋದರೆ, ಬೀದಿಯ ಟ್ರಾನ್ಸ್‌ಫಾರ್ಮರಿನ ಒಂದು ಸುತ್ತಿನಿಂದ ಇನ್ನೊಂದಕ್ಕೆ ವಿದ್ಯುತ್ ಮುಟ್ಟಿದ ಹಾಗೆ ಪ್ಲಾಸ್ಮಾದಲ್ಲಿ ಪ್ರವಾಹ ಹುಟ್ಟುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರಿಗೆ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವ ವಿದ್ಯುತ್ ಬರುತ್ತದೆ, ಹಾಗಾಗಿ ಅದು ವರ್ಷಗಟ್ಟಲೆ ನಡೆಯುತ್ತದೆ. ಟೊಕಮ್ಯಾಕಿಗೆ ಬೇಕಾದದ್ದು ಒಂದೇ ದಿಕ್ಕಿನ ಪ್ರವಾಹ. ನಡುಸುರುಳಿಯ ಪ್ರವಾಹವನ್ನು ಒಂದೇ ಕಡೆಗೆ ಬದಲಾಯಿಸುತ್ತಲೇ ಇರಬೇಕು, ಒಂದು ಹಂತದಲ್ಲಿ ಅದು ತನ್ನ ಮಿತಿ ಮುಟ್ಟುತ್ತದೆ. ಅಲ್ಲಿಗೆ ಆಟ ಮುಗಿಯಿತು. ಇಟರ್‌ನ ನಡುಸುರುಳಿ ಸುಮಾರು ಸಾವಿರ ಟನ್ ತೂಗುವ ಅತಿವಾಹಕ ಕಾಂತ. ಅಷ್ಟು ದೊಡ್ಡದಿದ್ದರೂ ಮುಖ್ಯವಾಗಿ ಅದನ್ನೇ ನಂಬಿ ಹಾಕಿಕೊಂಡಿರುವ ಉರಿಯ ಅವಧಿ ಸುಮಾರು 400 ಸೆಕೆಂಡು.

ಎರಡನೆಯ ಗಡುವು ತಾಮ್ರದ್ದು. ಜೆಟ್‌ನ ಸುರುಳಿಗಳು ತಾಮ್ರದವು. ಪ್ರವಾಹ ಹರಿದಷ್ಟೂ ಬಿಸಿಯಾಗುತ್ತಿದ್ದವು. ಅವುಗಳಿಗೆ ಬೇಕಾದ ವಿದ್ಯುತ್ತನ್ನು ಒಮ್ಮೆಲೇ ಗ್ರಿಡ್‌ನಿಂದ ಎಳೆದುಕೊಳ್ಳಲು ಆಗದೆ ತಲಾ 775 ಟನ್ ತೂಕದ ಎರಡು ತಿರುಗುಚಕ್ರಗಳನ್ನು ನಿಧಾನವಾಗಿ ತಿರುಗಿಸಿ, ಅವುಗಳಲ್ಲಿ ಕೂಡಿಟ್ಟ ಶಕ್ತಿಯನ್ನು ಕೆಲವೇ ಸೆಕೆಂಡುಗಳಲ್ಲಿ ಸುರಿಯಬೇಕಿತ್ತು. ಪ್ರತಿ ಪ್ರಯೋಗದ ನಂತರ ಸುರುಳಿ ತಣಿಯುವವರೆಗೆ ಕಾಯಬೇಕಿತ್ತು. 69 ಮೆಗಾಜೂಲಿನ ದಾಖಲೆ ಐದು ಸೆಕೆಂಡಿಗೆ ನಿಂತದ್ದು ಪ್ಲಾಸ್ಮಾ ಕೆಟ್ಟಿತೆಂದಲ್ಲ. ಯಂತ್ರದ ಶಕ್ತಿ ಅಷ್ಟೇ ಇತ್ತು.

ಪ್ರವಾಹ ಹರಿದರೂ ಬಿಸಿಯಾಗದ ಅತಿವಾಹಕ ತಂತಿ ಬಂದ ಮೇಲೆ ಈ ಗಡುವು ಸಡಿಲವಾಯಿತು. ಮಾಸ್ಕೋದ ಕುರ್ಚಾಟೊವ್ ಸಂಸ್ಥೆಯ ಟಿ-7 ಅತಿವಾಹಕ ಕಾಂತಗಳಿದ್ದ ಮೊದಲ ಟೊಕಮ್ಯಾಕ್. 1990ರ ದಶಕದಲ್ಲಿ ಅದು ಹೆಫೆಗೆ ಬಂತು. ಅಲ್ಲಿನವರು ಅದನ್ನು ಬಿಚ್ಚಿ, ಬದಲಾಯಿಸಿ ಎಚ್‌ಟಿ-7 ಮಾಡಿದರು. 2008ರಲ್ಲಿ ಅದರಲ್ಲಿ 400 ಸೆಕೆಂಡು ಪ್ಲಾಸ್ಮಾ ಉಳಿಸಿದರು. ಅದಕ್ಕೂ ಮೊದಲೇ, ಎಚ್‌ಟಿ-7 ಕಟ್ಟಿ ನಡೆಸಿದ ಅನುಭವದ ಮೇಲೆ, 2006ರಲ್ಲಿ ಈಸ್ಟ್ ಎದ್ದಿತ್ತು. ಚೀನಾದ ಇಂದಿನ ಸಾವಿರ ಸೆಕೆಂಡು ಒಂದು ರಾತ್ರಿಯಲ್ಲಿ ಬಂದದ್ದಲ್ಲ. ಬೇರೆಯವರು ಬಳಸಿ ಬಿಟ್ಟ ಯಂತ್ರವನ್ನು ಕೈಯಾರೆ ಬಿಚ್ಚಿ ಕಲಿತವರ ಮೂವತ್ತು ವರ್ಷಗಳ ಫಲ. ಈಸ್ಟ್‌ನಲ್ಲಿ 2017ರಲ್ಲಿ 101 ಸೆಕೆಂಡು, 2023ರಲ್ಲಿ 403, 2025ರಲ್ಲಿ 1,066. ಈ ಮೂರೂ ಉನ್ನತ ಬಂಧನ ಸ್ಥಿತಿಯಲ್ಲಿ ಸಾಧಿಸಿದವು.

ಆ ಉನ್ನತ ಬಂಧನ ಸ್ಥಿತಿ ಎಂದರೇನು ಎಂಬುದು ಮುಖ್ಯ. 1982ರಲ್ಲಿ ಜರ್ಮನಿಯ ಗಾರ್ಚಿಂಗ್‌ನ ಆಸ್ಡೆಕ್ಸ್ ಯಂತ್ರದಲ್ಲಿ ಫ್ರಿಟ್ಜ್ ವಾಗ್ನರ್ ಒಂದು ವಿಚಿತ್ರ ಕಂಡರು. ಹೊರಗಿನ ಶಾಖ ಒಂದು ಮಟ್ಟ ದಾಟಿದ ಕೂಡಲೆ ಪ್ಲಾಸ್ಮಾದ ಅಂಚಿನಲ್ಲಿ ತಾನಾಗಿಯೇ ಒಂದು ತೆಳುವಾದ ತಡೆ ಏರ್ಪಟ್ಟು, ಶಾಖ ಸೋರುವುದು ಅರ್ಧಕ್ಕೆ ಇಳಿಯಿತು. ಯಾರೂ ಇದನ್ನು ಮುಂಚೆ ಊಹಿಸಿರಲಿಲ್ಲ. ಇಂದು ಇಟರ್‌ನ ಇಡೀ ಯೋಜನೆ ನಿಂತಿರುವುದು ಆ ತಡೆಯ ಮೇಲೆ. ಆದರೆ ಅಂಚಿನಲ್ಲಿ ಒತ್ತಡ ಕಟ್ಟಿಕೊಂಡಂತೆಲ್ಲ ಅದು ಆಗಾಗ ಒಡೆದು, ಬಿಸಿ ಪ್ಲಾಸ್ಮಾದ ಅಲೆಗಳು ಗೋಡೆಗೆ ಬಡಿಯುತ್ತವೆ. ಸಣ್ಣ ಯಂತ್ರ ಅದನ್ನು ತಾಳಿಕೊಳ್ಳುತ್ತದೆ, ಇಟರ್‌ನ ಗಾತ್ರದಲ್ಲಿ ಅದೇ ಬಡಿತ ಟಂಗ್‌ಸ್ಟನ್ನನ್ನೂ ಕರಗಿಸಬಲ್ಲದು. ಅಮೆರಿಕದ ಸ್ಯಾನ್ ಡಿಯೇಗೊದ ಡಿಐಐಐ-ಡಿ ಯಂತ್ರದಲ್ಲಿ ಟಾಡ್ ಇವಾನ್ಸ್ ಮತ್ತು ಸಂಗಡಿಗರು, ಹೊರಗಿನಿಂದ ಒಂದು ಸಣ್ಣ ಕಾಂತಕ್ಷೇತ್ರ ಹಾಕಿ ಅಂಚನ್ನು ಸ್ವಲ್ಪ ಕದಡಿದರೆ ಈ ಸ್ಫೋಟಗಳು ನಿಲ್ಲುತ್ತವೆ ಎಂದು ತೋರಿಸಿದರು. ಕೊರಿಯಾದವರು ಅದನ್ನು ಇನ್ನೂ ಮುಂದಕ್ಕೆ ಒಯ್ದಿದ್ದಾರೆ.

ಮತ್ತೆ ಪ್ರವಾಹದ ಮಾತಿಗೆ ಬರಬೇಕು. ನಡುಸುರುಳಿಯ ನೆರವಿಲ್ಲದೆ ಪ್ರವಾಹ ಹರಿಸುವ ದಾರಿಗಳಿವೆ. 1978ರಲ್ಲಿ ನತಾನಿಯಲ್ ಫಿಷ್ ಒಂದು ಲೆಕ್ಕ ಕೊಟ್ಟರು: ಸರಿಯಾದ ವೇಗದ ರೇಡಿಯೊ ತರಂಗವನ್ನು ಬಳೆಯ ಸುತ್ತ ಒಂದೇ ದಿಕ್ಕಿಗೆ ಕಳಿಸಿದರೆ ಅದು ವೇಗದ ಎಲೆಕ್ಟ್ರಾನ್‌ಗಳನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಆ ಎಳೆತವೇ ಪ್ರವಾಹ. ವೆಸ್ಟ್‌ನ 22 ನಿಮಿಷ ಸಾಧ್ಯವಾದದ್ದು ಈ ತರಂಗಗಳಿಂದಲೇ. ಈ ದಾರಿಗೆ ಬೆಲೆ ಹೆಚ್ಚು. ಪ್ರವಾಹವನ್ನೆಲ್ಲ ತರಂಗದಿಂದಲೇ ತಳ್ಳುತ್ತ ಕೂತರೆ ವಿದ್ಯುತ್ ಸ್ಥಾವರ ತಾನು ಹುಟ್ಟಿಸಿದ್ದರಲ್ಲಿ ಬಹುಪಾಲು ತಾನೇ ತಿಂದುಬಿಡುತ್ತದೆ.

ಇಲ್ಲಿ ಪ್ರಕೃತಿಯ ಒಂದು ಕೊಡುಗೆ ಇದೆ. ಪ್ಲಾಸ್ಮಾದ ನಡುವೆ ಒತ್ತಡ ಹೆಚ್ಚು, ಅಂಚಿನಲ್ಲಿ ಕಡಿಮೆ. ಈ ಇಳಿಜಾರು ಇದ್ದರೆ, ಬಳೆಯಾಕಾರದಲ್ಲಿ ಕಣಗಳು ಸುತ್ತುವ ಬಗೆಯಿಂದಾಗಿ, ಪ್ರವಾಹದ ಒಂದು ಪಾಲು ತಾನೇ ಹುಟ್ಟಿಕೊಳ್ಳುತ್ತದೆ. ಇದನ್ನು ಬಿಕರ್ಟನ್, ಕಾನರ್, ಟೇಲರ್ ಎಂಬ ಮೂವರು 1971ರಲ್ಲಿ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ್ದರು; ಪ್ರಯೋಗದಲ್ಲಿ ಕಾಣಲು 1980ರ ದಶಕ ಬರಬೇಕಾಯಿತು. ಒತ್ತಡ ಹೆಚ್ಚಿದಷ್ಟೂ ಈ ಪುಕ್ಕಟೆ ಪ್ರವಾಹ ಹೆಚ್ಚು. ಅಂದರೆ ಚೆನ್ನಾಗಿ ಕಾದ, ಚೆನ್ನಾಗಿ ಒತ್ತಿಹಿಡಿದ ಪ್ಲಾಸ್ಮಾ ಮಾತ್ರವೇ ಅಗ್ಗವಾಗಿ ಬಹುಕಾಲ ಬಾಳಬಲ್ಲದು. ದೀರ್ಘಾವಧಿ ಬೇರೆ, ಉನ್ನತ ಸಾಮರ್ಥ್ಯ ಬೇರೆ ಎಂದು ಎರಡು ಪಟ್ಟಿ ಮಾಡುವವರು ಈ ಸಂಬಂಧವನ್ನು ಮರೆಯುತ್ತಾರೆ. ಜಪಾನಿನ ಜೆಟಿ-60ಯು ಯಂತ್ರದಲ್ಲಿ ಮುಕ್ಕಾಲು ಪಾಲು ಪ್ರವಾಹ ಹೀಗೆ ತಾನಾಗಿ ಹುಟ್ಟಿದ ಪ್ಲಾಸ್ಮಾಗಳನ್ನು ಸಾಧಿಸಿದ್ದರು. ಸಮಸ್ಯೆಯೆಂದರೆ ಒತ್ತಡ ಒಂದು ಮಿತಿ ಮೀರಿದರೆ ಪ್ಲಾಸ್ಮಾ ಅಸ್ಥಿರವಾಗುತ್ತದೆ. ಕೆಲವೇ ಮಿಲಿಸೆಕೆಂಡುಗಳಲ್ಲಿ ಇಡೀ ಪ್ರವಾಹ ಕುಸಿದು ಯಂತ್ರದ ಮೈಮೇಲೆ ಭಾರಿ ಬಲ ಬೀಳುತ್ತದೆ. ಆ ಗೆರೆಯ ಹತ್ತಿರವೇ ನಡೆಯಬೇಕು, ಗೆರೆ ದಾಟಬಾರದು, ಅದೂ ಗಂಟೆಗಟ್ಟಲೆ.

ಈಗ ಸಮಯದ ಲೆಕ್ಕಕ್ಕೆ ಬರೋಣ. ಪ್ಲಾಸ್ಮಾದಲ್ಲಿ ಎಲ್ಲವೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ವೆಸ್ಟ್‌ನಂಥ ಯಂತ್ರದಲ್ಲಿ ಪ್ಲಾಸ್ಮಾಕ್ಕೆ ಕೊಟ್ಟ ಶಾಖ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಸೋರಿಹೋಗುತ್ತದೆ. ಹಾಗೆ ನೋಡಿದರೆ ಆ 22 ನಿಮಿಷಗಳಲ್ಲಿ ಪ್ಲಾಸ್ಮಾ ತನ್ನ ಶಾಖವನ್ನೆಲ್ಲ ಹತ್ತು ಸಾವಿರಕ್ಕೂ ಹೆಚ್ಚು ಸಲ ಕಳೆದುಕೊಂಡು ಮತ್ತೆ ತುಂಬಿಕೊಂಡಿದೆ. ಒಳಗಿನ ಪ್ರವಾಹ ತನ್ನ ಜಾಗ ಹುಡುಕಿಕೊಂಡು ನೆಲೆಗೊಳ್ಳಲು ಇನ್ನೂ ಹೆಚ್ಚು ಹೊತ್ತು ಬೇಕು: ಈಗಿನ ಯಂತ್ರಗಳಲ್ಲಿ ಕೆಲವು ಸೆಕೆಂಡು, ಇಟರ್‌ನಲ್ಲಿ ನೂರಾರು ಸೆಕೆಂಡು. ಎಲ್ಲಕ್ಕಿಂತ ನಿಧಾನಿ ಗೋಡೆ. ಅದು ಬಿಸಿಯಾಗಲು, ಅನಿಲ ಹೀರಲು, ಹೀರಿದ್ದನ್ನು ಕಕ್ಕಲು, ಸವೆಯಲು ನಿಮಿಷಗಳು, ಗಂಟೆಗಳು ಬೇಕು. ಐದು ಸೆಕೆಂಡಿನ ಪ್ರಯೋಗ ಮೊದಲನೆಯದನ್ನು ಪೂರ್ತಿ ತೋರಿಸುತ್ತದೆ, ಎರಡನೆಯದನ್ನು ಅರೆಬರೆ ತೋರಿಸುತ್ತದೆ. ಗೋಡೆಯ ವಿಷಯವಂತೂ ಅದಕ್ಕೆ ಏನೂ ಗೊತ್ತಾಗುವುದಿಲ್ಲ.

ಗೋಡೆಯ ಪಾಠವನ್ನು ಮೊದಲು ಗಟ್ಟಿಯಾಗಿ ಕಲಿಸಿದ್ದು ತೋರೆ ಸುಪ್ರಾ. 1988ರಲ್ಲಿ ಕಾದರಾಶ್‌ನಲ್ಲಿ ಮೊದಲ ಪ್ಲಾಸ್ಮಾ ಕಂಡ ಈ ಯಂತ್ರದಲ್ಲಿ ಕಾಂತಗಳು ಅತಿವಾಹಕ; ಪ್ಲಾಸ್ಮಾಕ್ಕೆ ಎದುರಾದ ಭಾಗಗಳ ಒಳಗೆ ಒತ್ತಡದ ನೀರು ಹರಿಯುತ್ತಿತ್ತು. 2003ರ ಡಿಸೆಂಬರ್‌ನಲ್ಲಿ ಅದು 390 ಸೆಕೆಂಡು ಪ್ಲಾಸ್ಮಾ ಉಳಿಸಿಕೊಂಡು, ಒಂದು ಗಿಗಾಜೂಲಿಗಿಂತ ಹೆಚ್ಚು ಶಾಖವನ್ನು ಒಳಗೆ ತುಂಬಿ, ಅಷ್ಟನ್ನೂ ನೀರಿನ ಮೂಲಕ ಹೊರಗೆ ತೆಗೆಯಿತು. ಸಮ್ಮಿಲನದ ಚರಿತ್ರೆ ಬರೆಯುವವರು ಜೆಟ್‌ಗೆ ಅಧ್ಯಾಯಗಳನ್ನು ಕೊಟ್ಟು ಈ ಯಂತ್ರಕ್ಕೆ ಒಂದು ಸಾಲು ಕೊಡುತ್ತಾರೆ. ಅದು ಅನ್ಯಾಯ. ಏಕೆಂದರೆ ಆ ಆರೂವರೆ ನಿಮಿಷದಲ್ಲಿ ತಿಳಿದ ಒಂದು ಸಂಗತಿ ಇಟರ್‌ನ ಒಳಗೋಡೆಯ ಭವಿಷ್ಯವನ್ನೇ ತಿದ್ದಲು ನೆರವಾಯಿತು.

ತೋರೆ ಸುಪ್ರಾದ ಒಳಮೈ ಇಂಗಾಲದ್ದು. ಇಂಗಾಲ ಕರಗುವುದಿಲ್ಲ, ಶಾಖ ತಾಳುತ್ತದೆ, ಪ್ಲಾಸ್ಮಾದೊಳಗೆ ಸ್ವಲ್ಪ ಬೆರೆತರೂ ಅಷ್ಟಾಗಿ ತೊಂದರೆಯಿಲ್ಲ. ಆದರೆ ಅದು ಜಲಜನಕವನ್ನು ಹೀರುತ್ತದೆ. ಸ್ವಲ್ಪ ಹೊತ್ತು ಹೀರಿ ತುಂಬಿಕೊಂಡ ಮೇಲೆ ಸುಮ್ಮನಾಗಬಹುದು ಎಂಬ ನಿರೀಕ್ಷೆ ಇತ್ತು. ನಿಮಿಷಗಟ್ಟಲೆ ಉರಿಸಿದರೂ ಅದು ಸುಮ್ಮನಾಗಲಿಲ್ಲ. ಹೀರುವ ವೇಗ ಇಳಿಯಲೇ ಇಲ್ಲ. ಹೀರಿದ್ದು ಡ್ಯುಟೀರಿಯಂ ಆದ್ದರಿಂದ ಅಲ್ಲಿ ಅಪಾಯವಿರಲಿಲ್ಲ. ಅದೇ ಜಾಗದಲ್ಲಿ ವಿಕಿರಣಶೀಲ ಟ್ರಿಟಿಯಂ ಇದ್ದರೆ ಇಂಧನವೂ ನಷ್ಟ, ಗೋಡೆಯೂ ಅಪಾಯ. ಕೊನೆಗೆ ಇಟರ್ ಇಂಗಾಲವನ್ನು ಕೈಬಿಟ್ಟು ಟಂಗ್‌ಸ್ಟನ್ ಹಿಡಿಯಿತು. ತೋರೆ ಸುಪ್ರಾವನ್ನೂ ಬಿಚ್ಚಿ, ಟಂಗ್‌ಸ್ಟನ್ ಹೊದಿಸಿ, 2016ರ ಕೊನೆಯಲ್ಲಿ ವೆಸ್ಟ್ ಎಂಬ ಹೊಸ ಹೆಸರಿನಲ್ಲಿ ಚಾಲೂ ಮಾಡಿದರು. ಇಟರ್ ಏಳುತ್ತಿರುವುದು ಅದರ ಪಕ್ಕದಲ್ಲೇ; ನೆರೆಯ ದೊಡ್ಡ ಯಂತ್ರಕ್ಕೆ ಗೋಡೆ ಪರೀಕ್ಷಿಸಿ ಕೊಡುವುದು ವೆಸ್ಟ್‌ನ ಕೆಲಸ.

ಟಂಗ್‌ಸ್ಟನ್ 3,422 ಡಿಗ್ರಿಯವರೆಗೆ ಕರಗದು, ಟ್ರಿಟಿಯಂ ಹೀರುವುದೂ ಕಡಿಮೆ. ವೆಸ್ಟ್‌ನ ತಳದಲ್ಲಿ, ಪ್ಲಾಸ್ಮಾದ ತ್ಯಾಜ್ಯ ಮತ್ತು ಶಾಖ ಬಂದು ಬೀಳುವ ಡೈವರ್ಟರ್ ಎಂಬ ಭಾಗದಲ್ಲಿ, ಇಂಥ 456 ಘಟಕಗಳಿವೆ. ಒಂದೊಂದು ಘಟಕವೂ ಹೀಗಿದೆ: ತಾಮ್ರದ ಮಿಶ್ರಲೋಹದ ಒಂದು ಕೊಳವೆ, ಅದರೊಳಗೆ ಹರಿಯುವ ನೀರು, ಕೊಳವೆಗೆ ಸಾಲಾಗಿ ಪೋಣಿಸಿದ ಬೆರಳಗಲದ ಟಂಗ್‌ಸ್ಟನ್ ತುಂಡುಗಳು, ಎರಡು ತುಂಡುಗಳ ನಡುವೆ ಕೂದಲೆಳೆಯಷ್ಟು ಸಂದು. ಇಟರ್‌ನಲ್ಲಿ ಇದರ ಮೇಲೆ ಪ್ರತಿ ಚದರ ಮೀಟರಿಗೆ 10 ಮೆಗಾವಾಟ್ ಶಾಖ ಬೀಳಲಿದೆ. ಕ್ಷೇತ್ರರೇಖೆಗಳು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ, ಬಹಳ ಚಿಕ್ಕ ಕೋನದಲ್ಲಿ ಬರುತ್ತವೆ. ಪಕ್ಕದ್ದಕ್ಕಿಂತ ಒಂದು ತುಂಡು ಮಿಲಿಮೀಟರಿನ ಭಾಗದಷ್ಟು ಎದ್ದು ನಿಂತರೂ ಅದರ ಅಂಚು ಆ ಶಾಖಕ್ಕೆ ನೇರವಾಗಿ ಎದೆಯೊಡ್ಡಿದಂತಾಗುತ್ತದೆ. ಜೆಟ್‌ನಲ್ಲಿ 2013ರಲ್ಲಿ ಬೇಕೆಂದೇ ಒಂದು ಟಂಗ್‌ಸ್ಟನ್ ಪಟ್ಟಿಯನ್ನು ಮೇಲೆತ್ತಿಟ್ಟು ಅದು ಹೇಗೆ ಕರಗುತ್ತದೆ ಎಂದು ಪರೀಕ್ಷಿಸಿದ್ದರು. ಕೋಟಿ ಡಿಗ್ರಿಯ ವಿಜ್ಞಾನ ಕೊನೆಗೆ ನಿಂತಿರುವುದು ಫಿಟ್ಟರನೊಬ್ಬ ಎಷ್ಟು ಸಮನಾಗಿ ತುಂಡು ಕೂರಿಸುತ್ತಾನೆ ಎಂಬುದರ ಮೇಲೆ.

ಟಂಗ್‌ಸ್ಟನ್ನಿಗೂ ಒಂದು ದೋಷವಿದೆ. ಅದರ ಪರಮಾಣು ಭಾರವಾದದ್ದು; ಪ್ಲಾಸ್ಮಾದೊಳಗೆ ಲಕ್ಷಕ್ಕೆ ಕೆಲವು ಪಾಲು ಸೇರಿದರೂ ಸಾಕು, ನಡುವಿನ ಶಾಖವನ್ನು ಎಕ್ಸ್-ಕಿರಣವಾಗಿ ಹೊರಗೆ ಎರಚಿ ತಣ್ಣಗೆ ಮಾಡುತ್ತದೆ. ದೀರ್ಘ ಪ್ರಯೋಗಗಳಲ್ಲಿ ಸವೆದ ಲೋಹ ಬೇರೆ ಕಡೆ ಪದರವಾಗಿ ಕೂಡುತ್ತದೆ. ದಿನಗಳೆದಂತೆ ಆ ಪದರ ಸಿಪ್ಪೆಯೇಳುತ್ತದೆ. ಅದರ ಒಂದು ಚಕ್ಕೆ ಕಳಚಿ ಪ್ಲಾಸ್ಮಾದೊಳಗೆ ಬಿದ್ದರೆ ಹತ್ತಾರು ನಿಮಿಷ ಚೆನ್ನಾಗಿ ನಡೆದ ಪ್ರಯೋಗ ಆ ಕ್ಷಣಕ್ಕೆ ಮುಗಿಯಬಹುದು. ಐದು ಸೆಕೆಂಡಿನ ಯಂತ್ರದಲ್ಲಿ ಇದನ್ನು ಅದೃಷ್ಟಕ್ಕೆ ಬಿಡಬಹುದಿತ್ತು. ಸಾವಿರ ಸೆಕೆಂಡಿನ ಯಂತ್ರದಲ್ಲಿ ಬಿಡಲಾಗದು.

ಅಳತೆಯ ಸಮಸ್ಯೆಯ ಬಗ್ಗೆ ಹೊರಗಿನವರು ಕೇಳಿರುವುದು ಅಪರೂಪ. ಪ್ಲಾಸ್ಮಾ ಎಲ್ಲಿದೆ, ಗೋಡೆಯಿಂದ ಎಷ್ಟು ದೂರದಲ್ಲಿದೆ ಎಂದು ತಿಳಿಯಲು ಕೋಣೆಯ ಸುತ್ತ ಸಣ್ಣ ತಂತಿಸುರುಳಿಗಳನ್ನು ಇಟ್ಟಿರುತ್ತಾರೆ. ಅವು ಕಾಂತಕ್ಷೇತ್ರವನ್ನು ನೇರವಾಗಿ ಹೇಳುವುದಿಲ್ಲ. ಅದು ಎಷ್ಟು ಬೇಗ ಬದಲಾಗುತ್ತಿದೆ ಎಂಬುದಕ್ಕೆ ತಕ್ಕ ವೋಲ್ಟೇಜ್ ಕೊಡುತ್ತವೆ. ಆ ವೋಲ್ಟೇಜನ್ನು ಕ್ಷಣಕ್ಷಣಕ್ಕೂ ಕೂಡುತ್ತ ಹೋದರೆ ಕ್ಷೇತ್ರದ ಬೆಲೆ ಸಿಗುತ್ತದೆ. ಕೂಡುವ ಎಲೆಕ್ಟ್ರಾನಿಕ್ ಮಂಡಲದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ತಪ್ಪಿದ್ದರೂ ಅದೂ ಕೂಡಿಕೊಳ್ಳುತ್ತದೆ. ಐದು ಸೆಕೆಂಡಿನಲ್ಲಿ ಅದು ಲೆಕ್ಕಕ್ಕಿಲ್ಲ. ಸಾವಿರ ಸೆಕೆಂಡಿನಲ್ಲಿ ಅದೇ ತಪ್ಪು ಇನ್ನೂರು ಪಟ್ಟು ಬೆಳೆದಿರುತ್ತದೆ. ಆಗ ನಿಯಂತ್ರಣ ಕಂಪ್ಯೂಟರ್, ಸರಿಯಾದ ಜಾಗದಲ್ಲಿಯೇ ಇರುವ ಪ್ಲಾಸ್ಮಾ ಪಕ್ಕಕ್ಕೆ ಸರಿದಿದೆ ಎಂದುಕೊಂಡು ಅದನ್ನು ‘ಸರಿಪಡಿಸಲು’ ಹೋಗಿ ಗೋಡೆಯ ಕಡೆಗೇ ತಳ್ಳುತ್ತದೆ. ಈ ತಪ್ಪನ್ನು ಹಿಡಿದು ತೊಡೆಯುವ ಮಂಡಲಗಳನ್ನು ಕಟ್ಟುವವರ ಹೆಸರು ಯಾವ ತಲೆಬರಹದಲ್ಲೂ ಬರುವುದಿಲ್ಲ. ಅವರಿಲ್ಲದೆ ಸಾವಿರ ಸೆಕೆಂಡು ಇಲ್ಲ.

ಇಷ್ಟು ತಿಳಿದ ಮೇಲೆ ದಾಖಲೆಗಳನ್ನು ಓದುವ ಕಣ್ಣು ಬದಲಾಗುತ್ತದೆ. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಟ್ರಯಾಮ್-1ಎಂ ಎಂಬ ಪುಟ್ಟ ಟೊಕಮ್ಯಾಕ್ 2003ರಲ್ಲೇ 5 ಗಂಟೆ 16 ನಿಮಿಷ ಪ್ಲಾಸ್ಮಾ ಉಳಿಸಿತ್ತು. ಬಹಳ ತೆಳುವಾದ, ಕಡಿಮೆ ಶಕ್ತಿಯ ಪ್ಲಾಸ್ಮಾ ಅದು. ಆದರೂ ಗೋಡೆಯ ವರ್ತನೆ ಅರಿಯಲು ಅದು ಅಮೂಲ್ಯವಾಗಿತ್ತು. ಕೊರಿಯಾದ ದೇಜಾನ್‌ನ ಕೆ-ಸ್ಟಾರ್ ಯಂತ್ರ 2023ರ ಡಿಸೆಂಬರ್ ಮತ್ತು 2024ರ ಫೆಬ್ರುವರಿ ನಡುವಿನ ಪ್ರಯೋಗಗಳಲ್ಲಿ 10 ಕೋಟಿ ಡಿಗ್ರಿಯನ್ನು 48 ಸೆಕೆಂಡು ಉಳಿಸಿಕೊಂಡಿತು. ಸಾವಿರದ ಮುಂದೆ 48 ಸಣ್ಣದಾಗಿ ಕಾಣುತ್ತದೆ. ಆದರೆ ಕೆ-ಸ್ಟಾರ್ ಹೇಳುವ 10 ಕೋಟಿ ಅಯಾನುಗಳದ್ದು, ಅಂದರೆ ಸಮ್ಮಿಲನ ಹೊಂದಬೇಕಾದ ಬೀಜಕಣಗಳದ್ದು. ತರಂಗಗಳಿಂದ ಕಾಯಿಸುವ ವೆಸ್ಟ್‌ನ 5 ಕೋಟಿ ಡಿಗ್ರಿ ಎಲೆಕ್ಟ್ರಾನುಗಳದ್ದು. ಎಲೆಕ್ಟ್ರಾನ್ ಎಷ್ಟೇ ಬಿಸಿಯಾದರೂ ತಾನೇ ಸಮ್ಮಿಲನ ಮಾಡದು. ತನ್ನ ಬಿಸಿಯನ್ನು ಅಯಾನಿಗೆ ದಾಟಿಸಬೇಕು, ತೆಳು ಪ್ಲಾಸ್ಮಾದಲ್ಲಿ ಅದು ಸರಿಯಾಗಿ ದಾಟುವುದಿಲ್ಲ. ಟೊಕಮ್ಯಾಕ್ ಅಲ್ಲದ ಇನ್ನೊಂದು ದಾರಿಯೂ ಉಂಟು. ಒಳಗೆ ಪ್ರವಾಹ ಬೇಡದ, ಸುರುಳಿಗಳನ್ನೇ ತಿರುಚಿ ಮಾಡಿದ ಜರ್ಮನಿಯ ವೆಂಡೆಲ್‌ಸ್ಟೈನ್ 7-ಎಕ್ಸ್, 2025ರ ಮೇ ತಿಂಗಳಲ್ಲಿ ಸಾಂದ್ರತೆ, ಶಾಖ, ಬಂಧನ ಮೂರನ್ನೂ ಗುಣಿಸಿದ ಅಳತೆಯಲ್ಲಿ 43 ಸೆಕೆಂಡು ಹೊಸ ಎತ್ತರ ಮುಟ್ಟಿತು. ಟೊಕಮ್ಯಾಕಿನವರು ಅದರ ಮೇಲೆ ಒಂದು ಕಣ್ಣಿಟ್ಟೇ ಇದ್ದಾರೆ.

ಭಾರತದ ಪಾಲೂ ಈ ಕಥೆಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನಾ ಘಟಕ ಕಟ್ಟಿದ್ದ ಹೋಮಿ ಭಾಭಾ, 1955ರಲ್ಲಿ ಜಿನೀವಾದ ವಿಶ್ವಸಂಸ್ಥೆ ಸಮ್ಮೇಳನದ ಅಧ್ಯಕ್ಷ ಪೀಠದಿಂದ, ಇಪ್ಪತ್ತು ವರ್ಷಗಳಲ್ಲಿ ನಿಯಂತ್ರಿತ ಸಮ್ಮಿಲನದ ದಾರಿ ಸಿಗಬಹುದು ಎಂದಿದ್ದರು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಲ್ಲಿ ಆದಿತ್ಯ ಟೊಕಮ್ಯಾಕ್ ಚಾಲೂ ಆಯಿತು. ಅದರ ಬೆನ್ನಿಗೆ ಪ್ರೆಧಿಮನ್ ಕೃಷ್ಣ ಕಾವ್ ಅವರ ನಾಯಕತ್ವದಲ್ಲಿ ರೂಪುಗೊಂಡ ಎಸ್‌ಎಸ್‌ಟಿ-1 ಅತಿವಾಹಕ ಯಂತ್ರಕ್ಕೆ ಹಾಕಿಕೊಂಡ ಗುರಿ 1,000 ಸೆಕೆಂಡು. ಹೆಫೆಯವರು ಮೊನ್ನೆ ಮೊನ್ನೆ ಮುಟ್ಟಿದ ಅಂಕಿಯನ್ನೇ ಇಲ್ಲಿಯವರು 1990ರ ದಶಕದಲ್ಲಿ ಕಾಗದದ ಮೇಲೆ ಬರೆದಿಟ್ಟಿದ್ದರು. ಎಸ್‌ಎಸ್‌ಟಿ-1 ಮೊದಲ ಪ್ಲಾಸ್ಮಾ ಕಂಡದ್ದು 2013ರಲ್ಲಿ, ಅದರ ಅವಧಿ ಸೆಕೆಂಡಿನ ಒಳಗಿನದು. ಕನಸು ತಪ್ಪಾಗಿರಲಿಲ್ಲ, ಗುರಿಗೂ ಕೈಗೂ ನಡುವೆ ನಿಂತದ್ದು ಅತಿಶೀತ ಕೊಳವೆಗಳ ಸೋರಿಕೆ, ಕೀಲುಗಳ ಬೆಸುಗೆಯಂಥ ಕೆಲಸಗಳು. ಅಂಥ ಕೆಲಸಕ್ಕೆ ದೇಶ ಬೇಕಾದಷ್ಟು ಹಣವನ್ನೂ ಜನರನ್ನೂ ಸತತವಾಗಿ ಕೊಡಬೇಕಿತ್ತು ಎಂದು ಈ ವೇದಿಕೆಯಿಂದ ಹೇಳದೆ ಇರಲಾಗದು.

ಆ ಕೈಗೆಲಸದ ಸಾಮರ್ಥ್ಯ ಇಲ್ಲಿದೆ ಎಂಬುದಕ್ಕೆ ಇಟರ್ ಸಾಕ್ಷಿ. ಅದರ 3,850 ಟನ್ ತೂಕದ ಹೊರಕವಚದ ಭಾಗಗಳನ್ನು ಗುಜರಾತಿನ ಹಜೀರಾದಲ್ಲಿ ಲಾರ್ಸೆನ್ ಅಂಡ್ ಟೂಬ್ರೊ ಮಾಡಿಕೊಟ್ಟಿತು. ಇಟರ್‌ನ ನಿರ್ವಾತ ಕೋಣೆಗೆ ಎರಡು ಗೋಡೆಗಳು. ಅವುಗಳ ನಡುವೆ ತುಂಬುವ ಸಾವಿರಾರು ಉಕ್ಕಿನ ಗಟ್ಟಿಗಳನ್ನು ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್ ತಯಾರಿಸಿತು. ಇವುಗಳಲ್ಲಿ ಕೆಲವು ಬೋರಾನ್ ಬೆರೆಸಿದ ಉಕ್ಕು. ಪ್ಲಾಸ್ಮಾದಿಂದ ನುಗ್ಗಿ ಬರುವ ನ್ಯೂಟ್ರಾನುಗಳನ್ನು ಇವು ತಡೆಯದಿದ್ದರೆ, ಸೊನ್ನೆಗಿಂತ ಸುಮಾರು 269 ಡಿಗ್ರಿ ಕೆಳಗಿರುವ ಅತಿವಾಹಕ ಕಾಂತಗಳು ಬಿಸಿಯಾಗಿ ತಮ್ಮ ಗುಣವನ್ನೇ ಕಳೆದುಕೊಳ್ಳುತ್ತವೆ. ಇಟರ್‌ನ ಪ್ಲಾಸ್ಮಾ ಎಷ್ಟು ಹೊತ್ತು ಉಳಿಯುತ್ತದೆ ಎಂಬ ಪ್ರಶ್ನೆಯಲ್ಲಿ ಬೆಂಗಳೂರಿನ ಈ ಉಕ್ಕೂ ಪಾಲುದಾರ.

ಹಾಗಾದರೆ ವಿದ್ಯುತ್ ಸ್ಥಾವರಕ್ಕೆ ಎಷ್ಟು ಹೊತ್ತು ಬೇಕು? ಪರಿಣತರಲ್ಲಿಯೇ ಇದಕ್ಕೆ ಒಮ್ಮತವಿಲ್ಲ. ಯೂರೋಪಿನ ಡೆಮೊ ಎಂಬ ಮುಂದಿನ ಯೋಜನೆ ಸುಮಾರು ಎರಡು ಗಂಟೆ ಉರಿದು, ನಡುಸುರುಳಿಯನ್ನು ಮೊದಲಿನ ಸ್ಥಿತಿಗೆ ತಂದು, ಮತ್ತೆ ಉರಿಯುವ ಕ್ರಮವನ್ನು ಆರಿಸಿಕೊಂಡಿದೆ. ಅಮೆರಿಕದಲ್ಲಿ ಕಟ್ಟುತ್ತಿರುವ ಸ್ಪಾರ್ಕ್ ಯಂತ್ರ ಹಾಕಿದ್ದಕ್ಕಿಂತ ಹೆಚ್ಚು ಶಕ್ತಿ ಪಡೆಯುವುದನ್ನು ಮೊದಲು ತೋರಿಸಲು ಹೊರಟಿದೆ, ಅದರ ಉರಿ ಸುಮಾರು ಹತ್ತು ಸೆಕೆಂಡು. ಬಿಟ್ಟು ಬಿಟ್ಟು ಉರಿಸಿದರೂ ವಿದ್ಯುತ್ ಸಿಗುತ್ತದೆ, ನಿಜ. ಆದರೆ ಎರಡು ಗಂಟೆಗೊಮ್ಮೆ ಕಾದು ಆರುವ ಯಂತ್ರ ವರ್ಷಕ್ಕೆ ಸಾವಿರಾರು ಸಲ ಹಿಗ್ಗಿ ಕುಗ್ಗುತ್ತದೆ. ಬೆಸುಗೆಗಳು, ಕಾಂತದ ಕವಚಗಳು ದಣಿಯುತ್ತವೆ. ನಿರಂತರ ಉರಿಯ ಹಂಬಲಕ್ಕೆ ಇದೇ ಕಾರಣ.

ನಮ್ಮ ಉತ್ತರ ಕನ್ನಡದ ಕೈಗಾದ ಮೊದಲ ಘಟಕ, ವಿದಳನದಿಂದ ನಡೆಯುವ ಭಾರಜಲ ರಿಯಾಕ್ಟರ್, 2018ರ ಕೊನೆಯ ದಿನದವರೆಗೆ ಒಮ್ಮೆಯೂ ನಿಲ್ಲದೆ 962 ದಿನ ಓಡಿ ಅಂದಿನ ವಿಶ್ವದಾಖಲೆ ಮಾಡಿತ್ತು. ಗ್ರಿಡ್ ನಡೆಸುವವರಿಗೆ ಬೇಕಾಗಿರುವುದು ಅಂಥ ನಂಬಿಕೆ. ಕೈಗಾದಂಥ ಭಾರಜಲ ಘಟಕಗಳಿಗೂ ಸಮ್ಮಿಲನಕ್ಕೂ ಇನ್ನೊಂದು ನಂಟಿದೆ: ಭಾರಜಲದ ಡ್ಯುಟೀರಿಯಂ ನ್ಯೂಟ್ರಾನ್ ಹಿಡಿದಾಗ ಹುಟ್ಟುವುದು ಟ್ರಿಟಿಯಂ. ಜಗತ್ತಿನಲ್ಲಿ ಇಂದು ಪ್ರಯೋಗಕ್ಕೆ ದೊರೆಯುವ ಟ್ರಿಟಿಯಂ ಬಹುಮಟ್ಟಿಗೆ ಕೆನಡಾದ ಇಂಥ ರಿಯಾಕ್ಟರುಗಳಿಂದ ಬಂದದ್ದು. ಅದರ ಅರ್ಧಾಯುಷ್ಯ 12.3 ವರ್ಷ, ಕೂಡಿಟ್ಟರೂ ಕರಗುತ್ತದೆ. ಒಂದು ಗಿಗಾವಾಟ್ ಸಮ್ಮಿಲನ ಶಕ್ತಿಗೆ ವರ್ಷಕ್ಕೆ ಸುಮಾರು 55 ಕಿಲೊ ಟ್ರಿಟಿಯಂ ಬೇಕು. ಅಷ್ಟನ್ನು ಯಂತ್ರ ತನ್ನ ಗೋಡೆಯ ಹಿಂದಿನ ಲಿಥಿಯಂನಿಂದ ತಾನೇ ಬೆಳೆದುಕೊಳ್ಳಬೇಕು. ಬಿಟ್ಟು ಬಿಟ್ಟು ಉರಿಯುವ ಪ್ರಯೋಗಗಳಿಂದ ಆ ಬೇಸಾಯ ನಡೆಯದು.

2024ರಲ್ಲಿ ತಿದ್ದಿದ ವೇಳಾಪಟ್ಟಿಯಂತೆ ಇಟರ್‌ನ ಸಂಶೋಧನಾ ಕಾರ್ಯ 2034ರಲ್ಲಿ, ಡ್ಯುಟೀರಿಯಂ-ಟ್ರಿಟಿಯಂ ಉರಿ 2039ರಲ್ಲಿ ಆರಂಭವಾಗಬೇಕು. ಅದೇ ತಿದ್ದುಪಡಿಯಲ್ಲಿ ಒಳಗೋಡೆಯ ಬೆರಿಲಿಯಂ ತೆಗೆದು ಪೂರ್ತಿ ಟಂಗ್‌ಸ್ಟನ್ ಹಾಕುವ ತೀರ್ಮಾನವಾಯಿತು. ಗುರಿ ಎರಡು: 50 ಮೆಗಾವಾಟ್ ಶಾಖ ಹಾಕಿ 500 ಮೆಗಾವಾಟ್ ಪಡೆಯುವ ಉರಿ 400 ಸೆಕೆಂಡು, ಅದಾದ ಮೇಲೆ ಹಾಕಿದ್ದರ ಐದು ಪಟ್ಟು ಕೊಡುವ, ನಡುಸುರುಳಿಯನ್ನು ನೆಚ್ಚದ ಉರಿ ಸಾವಿರ ಸೆಕೆಂಡಿಗೂ ಮೇಲೆ. ಅಲ್ಲಿಯವರೆಗೆ ದಾರಿ ತೋರಿಸಬೇಕಾದ ಯಂತ್ರಗಳಲ್ಲಿ ದೊಡ್ಡದು ಜಪಾನಿನ ನಾಕಾದಲ್ಲಿರುವ ಜೆಟಿ-60ಎಸ್‌ಎ. 2023ರ ಅಕ್ಟೋಬರ್‌ನಲ್ಲಿ ಮೊದಲ ಪ್ಲಾಸ್ಮಾ ಕಂಡ ಅದರ ವಿನ್ಯಾಸದ ಅವಧಿ 100 ಸೆಕೆಂಡು. ಆ ಹೊತ್ತಿನಲ್ಲಿ ಅದು ತಾನಾಗಿ ಹುಟ್ಟುವ ಪ್ರವಾಹ ಹೆಚ್ಚಿರುವ, ಒತ್ತಡದ ಮಿತಿಯ ಅಂಚಿನಲ್ಲಿ ನಡೆಯುವ ಪ್ಲಾಸ್ಮಾಗಳನ್ನು ಪರೀಕ್ಷಿಸಲಿದೆ. ಕಾದರಾಶ್‌ನಲ್ಲಿ ವೆಸ್ಟ್ ತಂಡದ ಮುಂದಿನ ಹೆಜ್ಜೆ ಶಾಖ ಹೆಚ್ಚಿಸುವುದು, ಅವಧಿಯನ್ನು ಗಂಟೆಗಳ ಕಡೆಗೆ ಒಯ್ಯುವುದು, ಹೊತ್ತು ಹೆಚ್ಚಿದಂತೆ ಟಂಗ್‌ಸ್ಟನ್ ತುಂಡುಗಳ ಅಂಚು ಹೇಗೆ ಸವೆಯುತ್ತದೆ ಎಂದು ನೋಡುವುದು.